ಬರೆದ ಅಂಕಿ, ಬಚ್ಚಿಟ್ಟ ಶಕ್ತಿ

ಜಪಾನಿನ ವೇಗದ ಕಾರೊಂದನ್ನು ಕುರಿತ ಲೇಖನ ಈ ಪತ್ರಿಕೆಯಲ್ಲಿ ಏಕೆ ಎಂದು ಹಿರಿಯ ವಾಚಕರು ಹುಬ್ಬೇರಿಸುವುದು ಸಹಜ. ಸಿರಿವಂತರ ಆಟಿಕೆಯ ವಿಷಯದಲ್ಲಿ ಹೇಳಬೇಕಾದುದೇನಿದೆ, ಪರಿಗ್ರಹವೆಂದು ಒಂದೇ ಮಾತಿನಲ್ಲಿ ಮುಗಿಸಿದರೆ ಸಾಲದೇ ಎಂದು ಅವರು ಕೇಳಬಹುದು. ಸಾಲದು ಎಂಬುದೇ ನನ್ನ ವಾದ. ಹಾಗೆ ಒಂದೇ ಮಾತಿನಲ್ಲಿ ಮುಗಿಸುತ್ತ ಬಂದುದರಿಂದ ನಮ್ಮ ಮನೆಯ ತರುಣರು ಇಂಥ ವಿಷಯಗಳನ್ನು ನಮ್ಮೊಡನೆ ಆಡುವುದನ್ನೇ ಬಿಟ್ಟಿದ್ದಾರೆ. ಅವರು ತಮ್ಮತಮ್ಮಲ್ಲಿ ಏನನ್ನು ಹೊಗಳುತ್ತಾರೆ, ಏನನ್ನು ತೆಗಳುತ್ತಾರೆ ಎಂಬುದು ನಮಗೆ ತಿಳಿಯುವುದೇ ಇಲ್ಲ. ನನಗೂ ತಿಳಿದಿರಲಿಲ್ಲ.

2025ರ ದಶಲಕ್ಷಣ ಪರ್ವದಲ್ಲಿ, ಉತ್ತಮ ಆರ್ಜವದ ದಿನ, ಬಸದಿಯಲ್ಲಿ ಪ್ರವಚನ ಕೇಳಿ ಬಂದು ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮೊಮ್ಮಗ ಮುಖ ಸಣ್ಣದು ಮಾಡಿಕೊಂಡು ಮೊಬೈಲು ನೋಡುತ್ತಿದ್ದ. ಏನಾಯಿತೆಂದು ಕೇಳಿದೆ. ಆಗಸ್ಟ್ 26ರಂದು ಜಪಾನಿನ ತೊಚಿಗಿ ಕಾರ್ಖಾನೆಯಿಂದ ನಿಸಾನ್ ಜಿ.ಟಿ.-ಆರ್. ಎಂಬ ಕಾರಿನ ಕೊನೆಯ ಗಾಡಿ ಹೊರಬಿತ್ತೆಂದೂ, 18 ವರ್ಷಗಳಲ್ಲಿ ಸುಮಾರು 48,000 ಕಾರುಗಳನ್ನು ಕಟ್ಟಿ ಆ ಮಾದರಿಯನ್ನು ನಿಲ್ಲಿಸಿಬಿಟ್ಟರೆಂದೂ ಹೇಳಿದ. ಇದಕ್ಕೆ ಸಂತಾಪ ಸೂಚಿಸಬೇಕೋ ಬೇಡವೋ ಗೊತ್ತಾಗದೆ ಸುಮ್ಮನಿದ್ದೆ. ಆಮೇಲೆ ಅವನೇ ಮುಂದುವರಿಸಿದ: "ಇದು ಹೋದರೆ ಹೋಗಲಿ ಅಜ್ಜಾ, ಇದು ಬರೀ ಕಂಪ್ಯೂಟರು. ನಿಜವಾದ ಜಿ.ಟಿ.-ಆರ್. ಅಂದರೆ ಇದರ ಹಿಂದಿನದು, ಆರ್ 34. ಕಾಗದದಲ್ಲಿ 280 ಅಶ್ವಶಕ್ತಿ ಅಂತ ಬರೆದಿದ್ದರು, ಒಳಗೆ ಅದಕ್ಕಿಂತ ಹೆಚ್ಚಿತ್ತು. ಅದೇ ಅದರ ಮಜಾ."

ಮನಸ್ಸು, ಮಾತು, ಕೃತಿ ಮೂರೂ ಒಂದಾಗಿರುವುದೇ ಆರ್ಜವವೆಂದು ಒಂದು ತಾಸಿನ ಹಿಂದೆ ಕೇಳಿ ಬಂದ ಕಿವಿಗೆ ಈ ಮಾತು ಬಿತ್ತು. ಹುಡುಗನೂ ನನ್ನ ಪಕ್ಕದಲ್ಲಿಯೇ ಕುಳಿತು ಆ ಪ್ರವಚನವನ್ನು ಕೇಳಿದ್ದ. ಎರಡರ ನಡುವೆ ಯಾವ ವಿರೋಧವೂ ಅವನಿಗೆ ಕಾಣಲಿಲ್ಲ. ಆ ಕಾರಿನ ಪುರಾಣವನ್ನೆಲ್ಲ ಅವನಿಂದಲೇ ಹೇಳಿಸಿಕೊಂಡು, ಬಳಿಕ ನಾನೂ ಓದಿ, ಈ ಲೇಖನವನ್ನು ಬರೆಯಲು ತೊಡಗಿದ್ದೇನೆ.

1969ರಲ್ಲಿ ಹುಟ್ಟಿದ ಸ್ಕೈಲೈನ್ ಜಿ.ಟಿ.-ಆರ್. ಎಂಬ ಹೆಸರು 1973ರಲ್ಲಿ ಒಮ್ಮೆ ನಿಂತುಹೋಗಿ, ಹದಿನಾರು ವರ್ಷಗಳ ಬಳಿಕ 1989ರಲ್ಲಿ ಮತ್ತೆ ಕಾಣಿಸಿಕೊಂಡಿತು. ಅದೇ ವರ್ಷ ಜಪಾನಿನ ಕಾರು ತಯಾರಕರು ಒಂದು ಮಿತಿಯನ್ನು ಒಪ್ಪಿಕೊಂಡರು: ತಮ್ಮ ದೇಶದಲ್ಲಿ ಮಾರುವ ಯಾವ ಕಾರಿನ ಶಕ್ತಿಯೂ 280 ಅಶ್ವಶಕ್ತಿಯನ್ನು ಮೀರಬಾರದು. ಇದು ಶಾಸನವಾಗಿರಲಿಲ್ಲ, ತಾವಾಗಿ ಕಟ್ಟಿಕೊಂಡ ಕಟ್ಟಳೆ. ಅದಕ್ಕೆ ಕಾರಣವೂ ಇತ್ತು. 1970ರ ದಶಕದಲ್ಲಿ ಇಳಿಮುಖವಾಗಿದ್ದ ರಸ್ತೆ ಸಾವುಗಳ ಸಂಖ್ಯೆ 1988ರಲ್ಲಿ ಮತ್ತೆ 10,000ವನ್ನು ದಾಟಿತ್ತು. ಸರ್ಕಾರ ಕಣ್ಣು ಕೆಂಪಗೆ ಮಾಡುವ ಮೊದಲೇ ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳುವುದು ಲೇಸೆಂದು ತಯಾರಕರಿಗೆ ತೋರಿತು.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ವ್ಯಾಪಾರಿಗಳು ತಮ್ಮ ಲಾಭದ ವಸ್ತುವಿಗೆ ತಾವೇ ಪರಿಮಾಣ ಹಾಕಿಕೊಂಡರೆಂದರೆ, ಇಚ್ಛಾಪರಿಮಾಣದ ಮಾತು ಬಲ್ಲ ಶ್ರಾವಕರಿಗೆ ಸಂತೋಷವೇ ಆಗಬೇಕು. ಮುಂದೆ ನಡೆದುದು ಬೇರೆ. ಎಂಜಿನ್ನುಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಏರುತ್ತ ಹೋಯಿತು, ಅಂಕಿ ಮಾತ್ರ ಏರಲಿಲ್ಲ. ಆರ್ 32, ಆರ್ 33, ಆರ್ 34 ಎಂದು ಮೂರು ತಲೆಮಾರಿನ ಜಿ.ಟಿ.-ಆರ್. ಕಾರುಗಳು 1989ರಿಂದ 2002ರವರೆಗೆ ಬಂದವು. ಮೂರರ ಪತ್ರದಲ್ಲಿಯೂ ಅದೇ 280. ಶಕ್ತಿಯನ್ನು ಅಳೆಯುವ ಯಂತ್ರದ ಮೇಲೆ ನಿಲ್ಲಿಸಿ ನೋಡಿದವರಿಗೆಲ್ಲ ಅದಕ್ಕಿಂತ ಹೆಚ್ಚೇ ಕಂಡಿತು. ಮೂಗಿಗೆ ಬೆರಳು ಕೊಟ್ಟು ಉಸಿರಾಡುವಂತೆ, 2.6 ಲೀಟರಿನ ಆ ಎಂಜಿನ್ನಿನ ಜೋಡಿ ಟರ್ಬೊಗಳನ್ನು ತಯಾರಕರು ಬೇಕೆಂದೇ ಬಿಗಿಹಿಡಿದಿದ್ದರು. ಕೊಂಡವನು ಆ ಬಿಗಿಯನ್ನು ಸ್ವಲ್ಪ ಸಡಿಲಿಸಿದರೆ ಸಾಕಾಗಿತ್ತು. ಹೀಗೆ ವ್ರತ ಹದಿನೈದು ವರ್ಷ ನಡೆಯಿತು, ಪಟ್ಟಿಯ ಮೇಲೆ. 2004ರಲ್ಲಿ ಕಟ್ಟಳೆಯನ್ನು ಕೈಬಿಟ್ಟಾಗ ಯಾರೂ ಅಚ್ಚರಿಪಡಲಿಲ್ಲ. ಅದೇ ವರ್ಷ ಹೋಂಡಾ ತನ್ನ ಲೆಜೆಂಡ್ ಕಾರಿಗೆ 300 ಎಂದು ಬಹಿರಂಗವಾಗಿ ಬರೆದುಕೊಂಡಿತು.

ಜಪಾನಿನಲ್ಲಿ ರಸ್ತೆ ಸಾವು ಅಷ್ಟರಲ್ಲಿ ಗಣನೀಯವಾಗಿ ಇಳಿದಿತ್ತು ಎಂಬುದನ್ನೂ ಹೇಳಬೇಕು. ಅದು 280ರ ಪುಣ್ಯವೆಂದು ನಾನು ಹೇಳಲಾರೆ. ಸೀಟು ಬೆಲ್ಟು, ಗಾಳಿಚೀಲ, ಕುಡಿದು ಓಡಿಸುವವರಿಗೆ ಕಠಿಣ ಶಿಕ್ಷೆ, ಒಳ್ಳೆಯ ಚಿಕಿತ್ಸೆ ಇವೆಲ್ಲ ಸೇರಿ ಆದ ಕೆಲಸ ಅದು. ಪಾಲಿಸದ ವ್ರತಕ್ಕೆ ಪುಣ್ಯದ ಲೆಕ್ಕ ಬರೆಯುವುದು ಸಲ್ಲದು.

2007ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಆರ್ 35, ಅಂದರೆ ಈಗ ನಿಂತ ಜಿ.ಟಿ.-ಆರ್., ಈ ಕಟ್ಟಳೆ ಬಿದ್ದ ಮೇಲೆ ಹುಟ್ಟಿದ್ದು. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, ನಾಲ್ಕು ಚಕ್ರಗಳಿಗೂ ಶಕ್ತಿ, 1,740 ಕಿಲೋ ತೂಕ. ಪತ್ರದಲ್ಲಿ 480 ಎಂದು ಬರೆದರು. 2011ರ ಮಾದರಿಗೆ 530, 2012ಕ್ಕೆ 550, 2017ರ ಮಾದರಿಗೆ 570. ನಿಸ್ಮೊ ಎಂಬ ವಿಶೇಷ ಮಾದರಿಗೆ 600. ಏರಿಸಿದಾಗಲೆಲ್ಲ ಹೇಳಿಯೇ ಏರಿಸಿದರು. ಬೆಲೆಯೂ ಏರಿತು: ಮೊದಲಿಗೆ 77 ಲಕ್ಷ 70 ಸಾವಿರ ಯೆನ್ ಇದ್ದುದು ಕೊನೆಯ 2025ರ ಮಾದರಿಗೆ ಅತಿ ಕಡಮೆಯದೇ 1 ಕೋಟಿ 44 ಲಕ್ಷ ಯೆನ್ ದಾಟಿತು. ನಮ್ಮ ದೇಶಕ್ಕೆ 2016ರ ಡಿಸೆಂಬರಿನಲ್ಲಿ ಅದು ಬಂದಾಗ 1 ಕೋಟಿ 99 ಲಕ್ಷ ರೂಪಾಯಿ.

2016ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ತೋರಿಸಿದ 2017ರ ಮಾದರಿಯೇ ಈ ಕಾರಿನ ಅತ್ಯಂತ ದೊಡ್ಡ ಪರಿಷ್ಕರಣ. ಆ ಹೊತ್ತಿನಲ್ಲಿ ಅಭಿಮಾನಿಗಳ ನಡುವೆ ಎದ್ದ ಅಭಿಪ್ರಾಯಗಳನ್ನು ಕೇಳುವುದು ಒಂದು ವಿನೋದ. ಮುಂಭಾಗದ ಜಾಲರಿ ಬದಲಾಯಿತು, ಒಳಗಿನ 27 ಗುಂಡಿಗಳು 11ಕ್ಕೆ ಇಳಿದವು, ಮೆತ್ತನೆಯ ಚರ್ಮ ಬಂತು, ಓಡುವಾಗಿನ ಸದ್ದು ಕುಗ್ಗಿತು, ಕುಲುಕಾಟವೂ ಕಡಮೆಯಾಯಿತು. ಕೆಲವರು ಈಗ ಬೆಲೆಗೆ ತಕ್ಕ ಒಳಾಂಗಣ ಬಂತೆಂದರು. ಕೆಲವರು ಸದ್ದು ಕುಗ್ಗಿಸಿದ್ದೇ ದ್ರೋಹವೆಂದರು. ಹತ್ತು ವರ್ಷದ ಹಳೆಯ ಮೈಗೆ ಹೊಸ ಬಣ್ಣ ಬಳಿದರೆಂದು ಗೊಣಗಿದವರೇ, ಮೈಯನ್ನು ಪೂರ್ತಿ ಬದಲಿಸಿದ್ದರೆ ಗುರುತು ಕಳೆಯಿತೆಂದು ಗೊಣಗುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ. ಬಡವರ ಪೋರ್ಷೆ ಎಂದು ಹೊಗಳಿದವರಿಗೆ ಬೆಲೆಯ ಏರಿಕೆ ನುಂಗಲಾರದ ತುತ್ತಾಯಿತು. (ಈ 'ಬಡವ' ಎಲ್ಲಿಯವನೋ ಕಾಣೆ.) ಇವೆಲ್ಲ ರುಚಿಯ ಮಾತುಗಳು, ಅವುಗಳೊಡನೆ ನನಗೆ ಜಗಳವಿಲ್ಲ.

ಜಗಳವಿರುವುದು ಎಲ್ಲ ಪರಿಷ್ಕರಣಗಳಲ್ಲಿಯೂ ತಪ್ಪದೆ ಕೇಳಿಬಂದ ಒಂದು ದೂರಿನೊಡನೆ. ಆರ್ 35ಕ್ಕೆ ಆತ್ಮವಿಲ್ಲ, ಎಲ್ಲವನ್ನೂ ಗಣಕವೇ ಮಾಡುತ್ತದೆ, ಎಷ್ಟು ಶಕ್ತಿಯಿದೆಯೆಂದು ತೆರೆಯ ಮೇಲೆ ತಾನೇ ತೋರಿಸಿಕೊಳ್ಳುತ್ತದೆ, ಇದು ಆಟದ ಯಂತ್ರ ಎಂಬುದು ಆ ದೂರು. ಆ ತೆರೆಯನ್ನು ವಿನ್ಯಾಸಗೊಳಿಸುವುದರಲ್ಲಿ ಗ್ರಾನ್ ಟುರಿಸ್ಮೊ ಎಂಬ ವಿಡಿಯೋ ಆಟವನ್ನು ಮಾಡಿದವರ ಕೈಯಿದ್ದುದು ನಿಜ. ಕೈಯಿಂದ ಗೇರು ಬದಲಿಸುವ ಸನ್ನೆ ಅದರಲ್ಲಿಲ್ಲದಿರುವುದೂ ನಿಜ. ಆದರೆ ದೂರಿನ ಬೇರನ್ನು ಕೆದಕಿದರೆ ಸಿಗುವುದು ಗೇರಲ್ಲ, ನನ್ನ ತಂಗಿಯ ಮೊಮ್ಮಗ ಹೇಳಿದ ಮಜಾ. ಹಳೆಯದರಲ್ಲಿ ಗುಟ್ಟಿತ್ತು. ಬರೆದುದು ಒಂದು, ಇದ್ದುದು ಇನ್ನೊಂದು. ಗೊತ್ತಿದ್ದವರಿಗೆ ಗೊತ್ತಿತ್ತು. ಹೊಸದು ಇದ್ದುದನ್ನು ಇದ್ದಂತೆ ಹೇಳಿಬಿಟ್ಟಿತು, ಆದ್ದರಿಂದ ಅದಕ್ಕೆ ಆತ್ಮವಿಲ್ಲ!

ಈ ಅಭಿಮಾನವನ್ನು ನಾನು ಒಪ್ಪಲಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ನಮ್ಮ ಹಿರಿಯರು ಎಣಿಸಿದ್ದಾರೆ. ತೂಕದ ಕಲ್ಲಿನಲ್ಲಿ, ಅಳತೆಯ ಕೊಳಗದಲ್ಲಿ ಹೆಚ್ಚುಕಡಮೆ ಮಾಡುವುದು ಕಳವಿನ ಸಾಲಿಗೆ ಸೇರಿದ ದೋಷ. ಅಳತೆ ಸುಳ್ಳಾದರೆ ಆಮೇಲಿನ ವ್ಯವಹಾರವೆಲ್ಲ ಸುಳ್ಳಿನ ಮೇಲೆ ನಿಲ್ಲುತ್ತದೆ. ಅಶ್ವಶಕ್ತಿಯೂ ಒಂದು ಅಳತೆಯೇ ತಾನೇ?

ಹುಡುಗ ಇದಕ್ಕೆ ತಕ್ಷಣ ಉತ್ತರ ಕೊಟ್ಟ, ಚುರುಕಾದ ಉತ್ತರ. ಸುಳ್ಳು ಕೊಳಗ ಕೊಂಡವನಿಗೆ ಕಡಮೆ ಕೊಡುತ್ತದೆ, ಇಲ್ಲಿ ಕೊಂಡವನಿಗೆ ಹೆಚ್ಚೇ ಸಿಕ್ಕಿತಲ್ಲ, ಮೋಸಹೋದವರು ಯಾರು ಅಜ್ಜಾ ಎಂದ. ಅದಲ್ಲದೆ ಆ ಸುಳ್ಳು ಎಲ್ಲರಿಗೂ ಗೊತ್ತಿದ್ದುದು, ಎಲ್ಲರಿಗೂ ಗೊತ್ತಿದ್ದರೆ ಅದು ಸುಳ್ಳು ಹೇಗಾದೀತು ಎಂದೂ ಕೇಳಿದ.

ಮೊದಲನೆಯದಕ್ಕೆ ಹೇಳುತ್ತೇನೆ. ಅಳತೆಯೆಂಬುದು ಕೊಳ್ಳುವವನ ಮತ್ತು ಮಾರುವವನ ನಡುವಿನ ಒಪ್ಪಂದವಷ್ಟೇ ಆಗಿದ್ದರೆ ಈ ವಾದ ನಿಂತೀತು. 280ರ ಮಿತಿಯನ್ನು ಹಾಕಿಕೊಂಡದ್ದು ಕೊಳ್ಳುವವನ ಹಿತಕ್ಕಾಗಿ ಅಲ್ಲ. 1988ರಲ್ಲಿ ಸತ್ತ ಹತ್ತು ಸಾವಿರ ಜನರಲ್ಲಿ ದಾರಿಯ ಅಂಚಿನಲ್ಲಿ ನಡೆದುಹೋಗುತ್ತಿದ್ದವರಿದ್ದರು, ಸೈಕಲ್ಲಿನಲ್ಲಿ ಸಾಗುತ್ತಿದ್ದವರಿದ್ದರು. ಮಿತಿ ಅವರಿಗೆ ಕೊಟ್ಟ ಮಾತು. ಅಂಗಡಿಯಲ್ಲಿ ಕಾಲಿಡದ, ಕಾರಿನ ಹೆಸರನ್ನೂ ತಿಳಿಯದ ಆ ಮೂರನೆಯವನೇ ಮೋಸಹೋದವನು. ಕೊಂಡವನಿಗೆ ಸಿಕ್ಕ ಹೆಚ್ಚಳ ಅವನ ಪಾಲಿನಿಂದ ತೆಗೆದುಕೊಟ್ಟದ್ದು.

ಎರಡನೆಯದು ಇನ್ನೂ ಹತ್ತಿರದ ಮಾತು, ಅದಕ್ಕೆ ಉತ್ತರ ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗಿತೆಂದು ಒಪ್ಪಿಕೊಳ್ಳುತ್ತೇನೆ. ಎಲ್ಲರಿಗೂ ಗೊತ್ತಿದೆ ಎಂಬ ಸಮಾಧಾನವನ್ನು ಈ ಹುಡುಗ ಜಪಾನಿನಿಂದ ಕಲಿತನೇ? ನಿವೇಶನ ಕೊಂಡಾಗ ಕ್ರಯಪತ್ರದಲ್ಲಿ ಬರೆಯುವ ಬೆಲೆ ಒಂದು, ಕೈಬದಲಾಗುವ ಹಣ ಇನ್ನೊಂದು, ಉಪನೋಂದಣಾಧಿಕಾರಿಗೂ ಗೊತ್ತು, ಸಾಕ್ಷಿ ಹಾಕಿದವರಿಗೂ ಗೊತ್ತು, ಮನೆಯ ಮಕ್ಕಳಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದ ಅದು ಸುಳ್ಳಲ್ಲವೆಂದು ನಾವೇ ಅವರ ಎದುರಿಗೆ ಮಾತನಾಡಿದ್ದೇವೆ. ಬಸದಿಯ ಆಸ್ತಿಯ ವ್ಯವಹಾರ ನೋಡಿಕೊಳ್ಳುವವರೂ ಈ ಪತ್ರಿಕೆಯನ್ನು ಓದುತ್ತಾರೆ, ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆರ್ 35ರ ಪರವಾಗಿ ಎರಡು ಸಂಗತಿಗಳನ್ನು ಹೇಳಬೇಕಾಗಿದೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂಬ ಪ್ರಸಿದ್ಧ ಓಟದ ದಾರಿಯನ್ನು ತನ್ನ ಕಾರು 7 ನಿಮಿಷ 29 ಸೆಕೆಂಡುಗಳಲ್ಲಿ ಸುತ್ತಿತೆಂದು ನಿಸಾನ್ 2008ರಲ್ಲಿ ಸಾರಿತು. ಪೋರ್ಷೆಯವರು ನಂಬಲಿಲ್ಲ. ತಾವೇ ಒಂದು ಜಿ.ಟಿ.-ಆರ್. ಕೊಂಡು ಓಡಿಸಿ ನೋಡಿ, ಆ ಸಮಯದ ಹತ್ತಿರವೂ ಬರಲಿಲ್ಲವೆಂದರು. ನಿಸಾನ್ ತನ್ನ ಅಂಕಿಯೇ ಸರಿಯೆಂದು ಹಟ ಹಿಡಿಯಿತು. ಅಭಿಮಾನಿಗಳು ಎರಡು ಪಾಳೆಯವಾಗಿ ವರ್ಷಗಟ್ಟಲೆ ಕಾದಾಡಿದರು. ಯಾರು ಸರಿ ಎಂದು ತೀರ್ಪು ಕೊಡುವ ಗೋಜು ನಮಗೆ ಬೇಡ. ಆದರೆ ಗಮನಿಸಬೇಕಾದುದು ಇದು: ಎದುರಾಳಿ ಕಾರನ್ನು ಕೊಂಡು ಪರೀಕ್ಷಿಸಿ ಅಲ್ಲಗಳೆಯಲು ಸಾಧ್ಯವಾದದ್ದು ಅಂಕಿಯನ್ನು ಬಾಯಿಬಿಟ್ಟು ಹೇಳಿದ್ದರಿಂದ. ಬಚ್ಚಿಟ್ಟ ಅಂಕಿಯನ್ನು ಯಾರು ಪ್ರಶ್ನಿಸಬಲ್ಲರು? ಆರ್ 34ಕ್ಕೆ ಅಂಥ ಎದುರುವಾದಿಯೇ ಹುಟ್ಟಲಿಲ್ಲ, ಹುಟ್ಟಿದ್ದು ಬರೀ ಕಥೆ.

ಎರಡನೆಯದು ವೇಗದ ತಡೆ. ಜಪಾನಿನಲ್ಲಿ ಮಾರಿದ ಆರ್ 35 ಗಂಟೆಗೆ 180 ಕಿಲೋಮೀಟರನ್ನು ದಾಟದಂತೆ ತಡೆ ಇತ್ತು. ಆದರೆ ಅದರ ದಿಕ್ಸೂಚಿ ವ್ಯವಸ್ಥೆ, ಕಾರು ಗೊತ್ತುಪಡಿಸಿದ ಓಟದ ಮೈದಾನದೊಳಗೆ ಇದೆಯೆಂದು ಗುರುತಿಸಿದಾಗ ಮಾತ್ರ, ಓಡಿಸುವವನು ಆ ತಡೆಯನ್ನು ತೆಗೆಯಬಹುದಾಗಿತ್ತು. ಮೈದಾನದಿಂದ ಹೊರಬಂದರೆ ಮತ್ತೆ ತಡೆ. ಇದನ್ನು ಓದಿದಾಗ ನನಗೆ ದೇಶವ್ರತದ ನೆನಪಾಯಿತೆಂದರೆ ವಾಚಕರು ನಗಬಾರದು. ಇಂತಿಷ್ಟು ಎಲ್ಲೆಯೊಳಗೆ ಇಷ್ಟು, ಅದರಾಚೆ ಇಲ್ಲ ಎಂಬ ಬಹಿರಂಗ ನಿಯಮ ಅದು. ಮಿತಿ ಸುಳ್ಳಲ್ಲ, ವಿನಾಯಿತಿಯೂ ಗುಟ್ಟಲ್ಲ. ಅಭಿಮಾನಿಗಳು ಇದನ್ನು ಗೇಲಿ ಮಾಡಿದರು. ಕಾರು ಕೊಂಡವನನ್ನು ಬಾಲಕನಂತೆ ಕಾಣುತ್ತದೆಂದು ರೇಗಿದರು, ತಡೆಯನ್ನು ಕಿತ್ತೊಗೆಯುವ ಉಪಾಯಗಳೂ ಬೇಗನೆ ಹುಟ್ಟಿದವು. ಸುಳ್ಳಾಗಿದ್ದ 280ನ್ನು ಪ್ರೀತಿಸಿದವರೇ ನಿಜವಾಗಿದ್ದ 180ನ್ನು ದ್ವೇಷಿಸಿದರು. ಇವರಿಗೆ ಮಿತಿಯ ಮೇಲೆ ಸಿಟ್ಟಿಲ್ಲ, ಮಿತಿ ನಿಜವಾಗಿ ಕೆಲಸ ಮಾಡುವುದರ ಮೇಲೆ ಸಿಟ್ಟು.

ಇನ್ನೊಂದು ಸಣ್ಣ ವಿಷಯ. ಈ ಕಾರಿನ ಎಂಜಿನ್ನನ್ನು ಯೊಕೊಹಾಮಾದಲ್ಲಿ 'ತಕುಮಿ' ಎನಿಸಿಕೊಳ್ಳುವ ನುರಿತ ಕುಶಲಕರ್ಮಿಗಳು ಕೈಯಿಂದಲೇ ಜೋಡಿಸುತ್ತಿದ್ದರು. ಹದಿನೆಂಟು ವರ್ಷಗಳಲ್ಲಿ ಒಟ್ಟು ಒಂಬತ್ತೇ ಮಂದಿ. ಜೋಡಿಸಿದವನ ಹೆಸರಿನ ಫಲಕವನ್ನು ಎಂಜಿನ್ನಿನ ಮೇಲೆ ಕೂರಿಸುವ ವಾಡಿಕೆಯೂ ಬಂತು. ಆತ್ಮವನ್ನು ಹುಡುಕುವ ಅಭಿಮಾನಿಗಳು ಮುಚ್ಚಳ ತೆಗೆದು ಆ ಹೆಸರನ್ನೊಮ್ಮೆ ಓದಿದ್ದರೆ ಸಾಕಾಗಿತ್ತು.

ಇಷ್ಟು ಹೇಳಿದ ಮೇಲೆ, ನಿಜ ಹೇಳಿದ ಕಾರು ಎಂಬ ಕಾರಣಕ್ಕೆ ನಾನು ಅದರ ವಕೀಲನಾದೆನೆಂದು ಯಾರೂ ತಿಳಿಯಬಾರದು. 480ರಿಂದ 600ರವರೆಗೆ ಏರಿದ್ದೂ ನಿಜವೇ. ಜಪಾನಿನ ಹೆದ್ದಾರಿಗಳಲ್ಲಿ ಕಾನೂನು ಒಪ್ಪುವ ವೇಗ ಸಾಮಾನ್ಯವಾಗಿ 100, ಕೆಲವೇ ಭಾಗಗಳಲ್ಲಿ 120. ಗಂಟೆಗೆ 300 ಕಿಲೋಮೀಟರು ಮೀರಿ ಓಡಬಲ್ಲ ಯಂತ್ರವನ್ನು ಆ ರಸ್ತೆಗೆ ಬಿಡುವುದರಲ್ಲಿ, ಪ್ರತಿ ಪರಿಷ್ಕರಣದಲ್ಲಿಯೂ ಇನ್ನಷ್ಟು ಶಕ್ತಿ ತುಂಬುವುದರಲ್ಲಿ ಯಾವ ಪ್ರಯೋಜನವೂ ಇರಲಿಲ್ಲ. ಸುಳ್ಳು ಮಿತಿಯನ್ನು ಕಳಚಿದವರು ನಿಜವಾದ ಮಿತಿಯೊಂದನ್ನು ಕಟ್ಟಿಕೊಳ್ಳಲಿಲ್ಲ. ಹಾಗಾದರೆ ಸುಳ್ಳಾದರೂ ಮಿತಿಯಿದ್ದ ಕಾಲವೇ ಮೇಲಲ್ಲವೇ, ನಾಚಿಕೆಯಾದರೂ ಉಳಿದಿತ್ತಲ್ಲ ಎಂದು ನನ್ನ ಗೆಳೆಯರೊಬ್ಬರು ವಾದಿಸಿದರು. ಅವರ ಮಾತಿಗೆ ತೂಕವಿದೆ, ಆದರೂ ನಾನು ಒಪ್ಪುವುದಿಲ್ಲ. 600 ಎಂದು ಬರೆದವನನ್ನು ನಿಲ್ಲಿಸಿ ಇಷ್ಟೇಕೆ ಎಂದು ಕೇಳಬಹುದು. ಯುರೋಪಿನಲ್ಲಿ ಸದ್ದಿನ ನಿಯಮ ಬಿಗಿಯಾದಾಗ 2022ರಲ್ಲಿ ಈ ಕಾರು ಅಲ್ಲಿ ಮಾರಾಟ ನಿಲ್ಲಿಸಬೇಕಾಯಿತು. ಜಪಾನಿನಲ್ಲಿ ಅಂಥದೇ ನಿಯಮ ಬಂದಾಗ 2024ರ ಮಾದರಿಗೆ ಹೊಗೆಕೊಳವೆಯನ್ನೇ ಹೊಸದಾಗಿ ರೂಪಿಸಿದರು. ಅಳೆಯಲು ಬಿಟ್ಟುಕೊಟ್ಟದ್ದನ್ನು ತಿದ್ದಬಹುದು. 280 ಎಂದು ಬರೆದು ನಕ್ಕವನನ್ನು ಏನೆಂದು ಕೇಳುವುದು? ಅವನು ಆಗಲೇ ಮಿತಿಯೊಳಗಿದ್ದಾನೆ.

ಈ ಮಾತಿಗೆ ಜಪಾನಿನವರೆಗೆ ಹೋಗಬೇಕಾದದ್ದೇಕೆಂದು ಈಗ ಹೇಳುತ್ತೇನೆ. ಎರಡು ಕೋಟಿಯ ಕಾರು ನಮ್ಮ ಕುಟುಂಬಗಳಲ್ಲಿ ಎಷ್ಟು ಮಂದಿಗೆ ಎಟುಕೀತು? ಎಟುಕುವುದು ಅದರ ಮಜಾ. ಆ ರಾತ್ರಿ ಮಾತು ಮುಂದುವರಿದಂತೆ ಹುಡುಗ ತನ್ನ ಸ್ವಂತ ಕಾರಿನ ಸಂಗತಿಯನ್ನು ಬಾಯಿಬಿಟ್ಟ. ಟರ್ಬೊ ಇರುವ ಸಾಧಾರಣ ಪೆಟ್ರೋಲ್ ಕಾರು, ಬ್ಯಾಂಕಿನ ಸಾಲದ್ದು. ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಅದರ ಗಣಕದ ಲೆಕ್ಕಾಚಾರವನ್ನು ತಿದ್ದಿಸಿ ಶಕ್ತಿಯನ್ನು ಹೆಚ್ಚಿಸಿಕೊಂಡಿದ್ದಾನೆ. ಅದಕ್ಕೆ ರೀಮ್ಯಾಪ್ ಎನ್ನುತ್ತಾರಂತೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಕಂಪನಿಯ ಸರ್ವೀಸಿಗೆ ಬಿಡುವ ಮೊದಲು ಹಳೆಯ ಲೆಕ್ಕಾಚಾರವನ್ನು ತುಂಬಿಸಿ, ಬಿಡಿಸಿಕೊಂಡು ಬಂದ ಮೇಲೆ ಮತ್ತೆ ಹೊಸದನ್ನು ತುಂಬಿಸುತ್ತಾನಂತೆ. ಇದನ್ನು ಹೇಳುವಾಗ ಅವನ ದನಿಯಲ್ಲಿ ತಪ್ಪಿನ ಅಳುಕಿರಲಿಲ್ಲ, ಆರ್ 34ನ್ನು ವರ್ಣಿಸುವಾಗ ಇದ್ದ ಅದೇ ಹುರುಪಿತ್ತು.

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರ್ಕಾರದ ವರದಿಯೇ ಹೇಳಿದೆ. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವನ್ನು ಕಾರಣವೆಂದು ಬರೆದಿದೆ. ಜಪಾನಿನ ತಯಾರಕರನ್ನು ಅಳುಕಿಸಿದ ಸಂಖ್ಯೆ ಹತ್ತು ಸಾವಿರ.

ನಾನು ಅವನಿಗೆ ಕಾರನ್ನು ಮಾರೆಂದು ಹೇಳಲಿಲ್ಲ, ವೇಗದ ಆಸೆ ಪಾಪವೆಂದು ಬೋಧಿಸಲೂ ಇಲ್ಲ. ಒಂದೇ ಒಂದು ಕೆಲಸ ಕೇಳಿದೆ. ವಿಮೆಯ ಕಂಪನಿಗೆ ಪತ್ರ ಬರೆದು, ನನ್ನ ಕಾರಿನ ಶಕ್ತಿ ಈಗ ಇಷ್ಟಾಗಿದೆ ಎಂದು ತಿಳಿಸು, ತಿಳಿಸಿದ ಮೇಲೆಯೂ ಇಟ್ಟುಕೊಳ್ಳಬೇಕೆನಿಸಿದರೆ ಇಟ್ಟುಕೋ ಎಂದೆ. ಹಾಗೆ ತಿಳಿಸಿದರೆ ವಿಮೆಯನ್ನೇ ರದ್ದುಮಾಡುತ್ತಾರೆ ಅಜ್ಜಾ ಎಂದ. ಹಾಗಾದರೆ ನಾಳೆ ದಾರಿಯಲ್ಲಿ ಯಾರಿಗಾದರೂ ತಾಗಿಸಿದರೆ ಆ ವಿಮೆ ಅವರಿಗೆ ಯಾವ ಲೆಕ್ಕ ಎಂದು ಕೇಳಿದೆ. ಸ್ವಲ್ಪ ಹೊತ್ತು ಮೊಬೈಲನ್ನು ಮಗುಚಿ ಇಟ್ಟುಕೊಂಡು ಕುಳಿತ. "ನೀವು ಕ್ರಯಪತ್ರದಲ್ಲಿ ಬರೆಸಿದ್ದು ಎಷ್ಟು ಅಜ್ಜಾ?" ಎಂದು ಅವನು ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಕೇಳಲಿಲ್ಲ, ದೊಡ್ಡವರ ಮರ್ಯಾದೆ ಇಟ್ಟ. ಪರ್ವ ಮುಗಿಸಿ ಹೊರಡುವಾಗ, ವಿಮೆಯ ನವೀಕರಣ ಬರುವುದು ಫೆಬ್ರವರಿಯಲ್ಲಿ ಎಂದಷ್ಟೇ ಹೇಳಿ ಕಾರು ಹತ್ತಿದ.